ಅಚ್ಚಿನ ನಾಟಕ, ಆಡಿದ ನಾಟಕ, ವಿಮರ್ಶೆಯ ನಾಟಕ



ಈ ಕಾರ್ಯಕ್ರಮದಲ್ಲಿ ಎರಡು ಬಗೆಯ ಬರಹಗಳನ್ನು ಅಕ್ಕಪಕ್ಕ ಇಟ್ಟು ನೋಡಲಿದ್ದೇವೆ. ಒಂದು, ಅಚ್ಚಾಗಿರುವ ನಗೆನಾಟಕ. ಇನ್ನೊಂದು, ಅದೇ ನಾಟಕದ ಪ್ರಯೋಗವನ್ನು ನೋಡಿದವರು ಪತ್ರಿಕೆಗೆ ಬರೆಯುವ ವಿಮರ್ಶೆ. ಇವೆರಡನ್ನೂ ಹೋಲಿಸಿರಿ ಎಂದು ಕೇಳಿದರೆ ನಿಮ್ಮಲ್ಲಿ ಅನೇಕರು ನಾಟಕದ ಕಥೆಯನ್ನು ಒಂದು ಪುಟದಲ್ಲಿಯೂ ವಿಮರ್ಶಕರ ಅಭಿಪ್ರಾಯವನ್ನು ಇನ್ನೊಂದು ಪುಟದಲ್ಲಿಯೂ ಬರೆದು ಕೆಳಗೆ ಗೆರೆ ಎಳೆಯುತ್ತೀರಿ. ಅದು ಎರಡು ಸಾರಾಂಶವಾಯಿತೇ ಹೊರತು ಹೋಲಿಕೆಯಾಗಲಿಲ್ಲ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಓಕಳಿಪುರಂನಲ್ಲಿ ವಾಸಿಸುವ ವಿದ್ಯಾರ್ಥಿ ರೈಲುಹಳಿ ದಾಟಿ ಆಚೆಗೆ ಬಂದರೆ ಮೆಜೆಸ್ಟಿಕ್, ಅದನ್ನು ಹಾದರೆ ಗಾಂಧಿನಗರ. ಅಲ್ಲಿ ಗುಬ್ಬಿ ವೀರಣ್ಣನವರ ಹೆಸರು ಹೊತ್ತ ರಂಗಮಂದಿರ. ಒಂದೆರಡು ಬಸ್ಸು ಬದಲಿಸಿದರೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಬೆಂಗಳೂರು ಕನ್ನಡ ನಗೆನಾಟಕದ ತವರುಗಳಲ್ಲಿ ಒಂದು. ಆ ತವರಿನ ಹಿರಿಯ ಟಿ.ಪಿ. ಕೈಲಾಸಂ (1884–1946). ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಭೂವಿಜ್ಞಾನ ಓದಿ ಬಂದ ಈ ಮನುಷ್ಯ ಕೊನೆಗೆ ಅಗೆದದ್ದು ನಮ್ಮ ಮಧ್ಯಮವರ್ಗದ ಮನೆಯ ನಡುಮನೆಯನ್ನು.

ಅವರ ‘ಟೊಳ್ಳುಗಟ್ಟಿ’ ನಾಟಕವನ್ನೇ ತೆಗೆದುಕೊಳ್ಳೋಣ. ರಚನೆಯ ಕಾಲ ಸುಮಾರು 1918. ಹಿರಿಯಣ್ಣಯ್ಯನವರಿಗೆ ಇಬ್ಬರು ಮಕ್ಕಳು. ಪುಟ್ಟು ಪರೀಕ್ಷೆಗಳಲ್ಲಿ ಮುಂದು, ತಂದೆಯ ಕಣ್ಮಣಿ. ಮಾಧು ಓದಿನಲ್ಲಿ ಹಿಂದು, ಬೈಗುಳಕ್ಕೆ ಮೀಸಲು. ಆದರೆ ಮನೆಯ ಕಷ್ಟಕ್ಕೆ ಆಗುವವನು ಅವನೇ. ಮನೆಗೆ ಬೆಂಕಿ ಬಿದ್ದ ಹೊತ್ತಿನಲ್ಲಿ ಪುಟ್ಟು ತನ್ನದನ್ನಷ್ಟೇ ಉಳಿಸಿಕೊಳ್ಳಲು ನೋಡುತ್ತಾನೆ. ಮಾಧು ಮನೆಯವರ ಪ್ರಾಣ ಉಳಿಸುತ್ತಾನೆ. ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಆಗ ತಿಳಿಯುತ್ತದೆ. ಅಂಕಪಟ್ಟಿ ಕೈಯಲ್ಲಿ ಹಿಡಿದು ಮನೆಗೆ ಹೋಗುವ ನಿಮಗೆ ಈ ಕಥೆಯನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಅಚ್ಚಿನ ನಾಟಕವನ್ನು ಗಮನಿಸಿ. ಕೈಲಾಸಂ ಕುಳಿತು ಬರೆಯುವ ಲೇಖಕರಲ್ಲ. ನಾಟಕವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಸ್ನೇಹಿತರ ಮುಂದೆ ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತ ಹೇಳುತ್ತಿದ್ದರು, ಬೇರೆಯವರು ಬರೆದುಕೊಳ್ಳುತ್ತಿದ್ದರು. ಆದ್ದರಿಂದ ಅವರ ಪುಸ್ತಕ ಮಾತಿನ ಪಡಿಯಚ್ಚು. ಸ್ವರಗಳನ್ನು ನುಂಗಿ, ಒತ್ತಕ್ಷರಗಳನ್ನು ಒಂದರ ಮೇಲೊಂದು ಹೇರಿ, ನಡುನಡುವೆ ಇಂಗ್ಲಿಷ್ ಪದಗಳನ್ನು ಕನ್ನಡದ ವಿಭಕ್ತಿ ಸೇರಿಸಿ ಆಡುವ ಆ ಭಾಷೆ ಕಣ್ಣಿಗೆ ಕಷ್ಟ, ಕಿವಿಗೆ ಸುಲಭ. ಅವರ ಇನ್ನೊಂದು ನಾಟಕ ‘ಬಂಡ್ವಾಳ್ವಿಲ್ಲದ್ಬಡಾಯಿ’ಯ ಹೆಸರನ್ನೇ ಒಮ್ಮೆ ಮನಸ್ಸಿನಲ್ಲಿ ಓದಿ, ಆಮೇಲೆ ಗಟ್ಟಿಯಾಗಿ ಓದಿ, ವ್ಯತ್ಯಾಸ ತಾನೇ ತಿಳಿಯುತ್ತದೆ. ನಗೆನಾಟಕವನ್ನು ಮೌನವಾಗಿ ಓದಿ ‘ಇದರಲ್ಲಿ ನಗುವಂಥದ್ದೇನಿದೆ?’ ಎನ್ನುವುದು ಅಡುಗೆಯ ಪುಸ್ತಕ ಓದಿ ಹೊಟ್ಟೆ ತುಂಬಲಿಲ್ಲ ಎಂದಂತೆ.

ಪುಸ್ತಕ ಮಾತನ್ನು ಕೊಡುತ್ತದೆ, ಮಾತಿನ ನಡುವಿನ ಬಿಡುವನ್ನು ಕೊಡುವುದಿಲ್ಲ. ತಂದೆ ಗದರಿದ ಮೇಲೆ ಮಾಧು ಎಷ್ಟು ಹೊತ್ತು ಸುಮ್ಮನಿರುತ್ತಾನೆ? ತಲೆ ತಗ್ಗಿಸುತ್ತಾನೆಯೆ, ಕಿಟಕಿಯಾಚೆ ನೋಡುತ್ತಾನೆಯೆ? ಅರ್ಧ ಕ್ಷಣ ಬೇಗ ಉತ್ತರಿಸಿದರೆ ಅವನು ತಲೆಹರಟೆ ಎನಿಸಿಕೊಳ್ಳುತ್ತಾನೆ. ಅರ್ಧ ಕ್ಷಣ ತಡೆದರೆ ನೊಂದ ಹುಡುಗನಾಗುತ್ತಾನೆ. ಮಾತು ಅದೇ. ಈ ಅರ್ಧ ಕ್ಷಣಕ್ಕೆ ಸಾಕ್ಷಿ ಎಲ್ಲಿ ಸಿಗುತ್ತದೆ? ನೋಡಿದವರು ಬರೆದಿಟ್ಟಿದ್ದರೆ ವಿಮರ್ಶೆಯಲ್ಲಿ.

ವಿಮರ್ಶೆಯನ್ನು ಓದುವಾಗ ಅದರಲ್ಲಿ ಮೂರು ಬಗೆಯ ವಾಕ್ಯಗಳು ಬೆರೆತಿರುವುದನ್ನು ಕಾಣುತ್ತೀರಿ. ಕೆಲವು ನಾಟಕಕಾರನ ಬಗ್ಗೆ, ಕೆಲವು ಆ ಸಂಜೆಯ ಪ್ರಯೋಗದ ಬಗ್ಗೆ, ಕೆಲವು ಬರೆದವರ ರುಚಿಯ ಬಗ್ಗೆ. ‘ಕಥೆ ಹಳೆಯದಾಯಿತು’ ಎಂಬ ಮಾತು ಕೈಲಾಸಂಗೆ ಸಲ್ಲುವುದೋ, ಅದನ್ನು ಹಳೆಯದಾಗಿಯೇ ಆಡಿದ ತಂಡಕ್ಕೆ ಸಲ್ಲುವುದೋ? ಪಠ್ಯ ನಿಮ್ಮ ಕೈಯಲ್ಲಿದ್ದರೆ ಮಾತ್ರ ಇದನ್ನು ವಿಂಗಡಿಸಲು ಸಾಧ್ಯ. ಇನ್ನು ‘ಪಾತ್ರಧಾರಿಗಳು ತಮ್ಮ ಪಾತ್ರಗಳಿಗೆ ನ್ಯಾಯ ಒದಗಿಸಿದರು’ ಎಂಬ ವಾಕ್ಯ. ಇದನ್ನು ಯಾವ ನಾಟಕಕ್ಕೆ ಬೇಕಾದರೂ ಅಂಟಿಸಬಹುದು. ನನ್ನ ಅಭಿಪ್ರಾಯದಲ್ಲಿ ಇಂಥ ವಾಕ್ಯ ಬರೆಯುವವರು ಹಿರಿಯಣ್ಣಯ್ಯನವರ ಹಾಗೆ ಅಂಕ ಕೊಡುತ್ತಾರೆ, ಮನುಷ್ಯನನ್ನು ನೋಡುವುದಿಲ್ಲ.

‘ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು’ ಎಂಬುದೂ ಹಾಗೆಯೇ. ನಕ್ಕಿತು ಸರಿ, ಯಾರನ್ನು ನೋಡಿ ನಕ್ಕಿತು? ‘ಟೊಳ್ಳುಗಟ್ಟಿ’ಯ ಇಡೀ ಭಾರ ಇಲ್ಲಿದೆ. ಮಾಧುವನ್ನು ದಡ್ಡನೆಂದು ನಕ್ಕರೆ ಪ್ರೇಕ್ಷಕರು ತಂದೆಯ ಪಕ್ಷ ವಹಿಸಿದಂತಾಯಿತು. ತಂದೆಯ ಕುರುಡು ಹೆಮ್ಮೆಯನ್ನು ನೋಡಿ ನಕ್ಕರೆ ನಾಟಕಕಾರನ ಪಕ್ಷ. ಪುಟ್ಟುವನ್ನು ಮೊದಲ ದೃಶ್ಯದಿಂದಲೇ ಕೋಡಂಗಿಯಾಗಿ ಆಡಿಸಿದರೆ ನಗು ಹೆಚ್ಚು ಸಿಗುತ್ತದೆ, ನಾಟಕ ಸೋಲುತ್ತದೆ. ಏಕೆಂದರೆ ಅವನು ಓದಿದ್ದು ನಿಜ, ಅವನ ಬಹುಮಾನಗಳೂ ನಿಜ. ಅವನನ್ನು ನಾವೂ ಒಂದಿಷ್ಟು ಮೆಚ್ಚಿಕೊಂಡಿದ್ದರೆ ಮಾತ್ರ ಬೆಂಕಿಯ ಹೊತ್ತಿನಲ್ಲಿ ನಮಗೂ ನಾಚಿಕೆಯಾದೀತು. ಒಳ್ಳೆಯ ವಿಮರ್ಶಕ ನಗುವನ್ನು ಎಣಿಸುವುದಕ್ಕಿಂತ ನಗು ಎಲ್ಲಿ ನಿಂತಿತು ಎಂಬುದನ್ನು ಬರೆಯುತ್ತಾನೆ.

ಕಾಲದ ವಿಷಯವೂ ಇದೆ. ಕೈಲಾಸಂ ಪಾತ್ರಗಳ ಇಂಗ್ಲಿಷ್ ಬೆರಕೆ ಅಂದಿನ ಸಭೆಗೆ ಹೊಸ ವಿದ್ಯಾವಂತರ ಗತ್ತನ್ನು ಗೇಲಿ ಮಾಡುವ ಸಾಧನವಾಗಿತ್ತು. ಇಂದು ಬಸ್ಸಿನಲ್ಲಿ, ಮನೆಯಲ್ಲಿ ನಾವೆಲ್ಲ ಅದಕ್ಕಿಂತ ಹೆಚ್ಚು ಬೆರಕೆ ಮಾತನಾಡುತ್ತೇವೆ. ಹೀಗಾಗಿ ಅಂದು ನಕ್ಕ ಜಾಗದಲ್ಲಿ ಇಂದಿನ ಸಭೆ ಸುಮ್ಮನಿದ್ದರೆ ನಟನ ತಪ್ಪಲ್ಲ. ಬೇರೆ ಬೇರೆ ಕಾಲದ ವಿಮರ್ಶೆಗಳು ಸಿಕ್ಕಿದರೆ ಊರಿನ ಮಾತು ಹೇಗೆ ಬದಲಾಯಿತು ಎಂಬುದನ್ನೂ ಅವುಗಳಿಂದ ಊಹಿಸಬಹುದು.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’. ಅವರು ವೇದಿಕೆಯ ಮೇಲೆ ಅಂದಂದಿನ ಸುದ್ದಿಯನ್ನು ಅಂದಂದೇ ಮಾತಿಗೆ ಸೇರಿಸುತ್ತಿದ್ದರು. ಇಂದಿನ ಪ್ರಯೋಗ ನಾಳೆ ಇರುತ್ತಿರಲಿಲ್ಲ. ಅಂಥ ನಾಟಕಕ್ಕೆ ಪುಸ್ತಕ ಎಷ್ಟು ಆಧಾರವಾದೀತು? ಅಲ್ಲಿ ಒಂದು ಸಂಜೆಯನ್ನು ಸರಿಯಾಗಿ ದಾಖಲಿಸಿದ ವಿಮರ್ಶೆಯೇ ಪಠ್ಯಕ್ಕಿಂತ ಬೆಲೆಯುಳ್ಳದ್ದು. ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳನ ಪಾತ್ರವನ್ನು ನೆನೆಯಿರಿ, 1972ರಲ್ಲಿ ಅವರು ತೀರಿಕೊಂಡ ಮೇಲೂ ಆ ಪಾತ್ರದ ಮಾತು ಬಂದಾಗಲೆಲ್ಲ ನೋಡಿದವರ ನೆನಪೇ ಮುಂದೆ ನಿಲ್ಲುತ್ತಿತ್ತು, ಪುಸ್ತಕದ ಸಾಲುಗಳಲ್ಲ. ನೋಡಿದವರೂ ಒಬ್ಬೊಬ್ಬರಾಗಿ ಹೊರಟುಹೋಗುತ್ತಾರಲ್ಲ!

ಹಾಗೆಂದು ವಿಮರ್ಶೆಯನ್ನು ಪೂರ್ತಿ ನಂಬಬೇಡಿ. ಅದು ಒಬ್ಬರು, ಒಂದು ಸಂಜೆ, ಒಂದು ಕುರ್ಚಿಯಿಂದ ನೋಡಿದ್ದು. ಪತ್ರಿಕೆಯಲ್ಲಿ ಜಾಗ ಕಡಿಮೆ, ಬರೆಯುವ ಸಮಯ ಇನ್ನೂ ಕಡಿಮೆ. ಹಿಂದಿನ ಸಾಲಿನಲ್ಲಿ ಮಾತು ಕೇಳಿಸದೆ ಹೋದದ್ದು ಮುಂದಿನ ಸಾಲಿನ ವಿಮರ್ಶಕರಿಗೆ ತಿಳಿಯುವುದಿಲ್ಲ. ಪಠ್ಯ ನಿಂತಿರುತ್ತದೆ, ಪ್ರಯೋಗ ಹರಿಯುತ್ತದೆ. ವಿಮರ್ಶೆ ಆ ಹರಿವಿನಿಂದ ಎತ್ತಿಕೊಂಡ ಒಂದು ಚೊಂಬು ನೀರು.

ಈಗ ನಿಮಗೊಂದು ಕೆಲಸ. ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿಯೋ, ಕಲಾಕ್ಷೇತ್ರದಲ್ಲಿಯೋ ಕೈಲಾಸಂ ನಾಟಕವಿದ್ದರೆ ಮೊದಲು ಪುಸ್ತಕವನ್ನು ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದಿಕೊಳ್ಳಿ. ನೀವು ನಕ್ಕ ಕಡೆಯಲ್ಲೆಲ್ಲ ಪೆನ್ಸಿಲ್ಲಿನಿಂದ ಒಂದು ಗುರುತು ಹಾಕಿ. ನಾಟಕ ನೋಡುವಾಗ ಸಭೆ ನಕ್ಕ ಕಡೆಗಳನ್ನು ನೆನಪಿಟ್ಟುಕೊಂಡು ಮನೆಗೆ ಬಂದು ಇನ್ನೊಂದು ಬಣ್ಣದಲ್ಲಿ ಗುರುತಿಸಿ. ಎರಡು ಗುರುತು ಎಲ್ಲಿ ಬೇರೆಯಾದವೋ ಅಲ್ಲಿಂದ ನಿಮ್ಮ ವಿಮರ್ಶೆಯನ್ನು ಆರಂಭಿಸಿ. ‘ಟೊಳ್ಳುಗಟ್ಟಿ’ಯಾದರೆ ಬೆಂಕಿಯ ಪ್ರಸಂಗವನ್ನು ಬಿಡಬೇಡಿ. ಅದನ್ನು ಹೊರಗಿನ ಕೂಗಿನಿಂದ ತೋರಿಸಿದರೋ, ಒಂದು ಕೆಂಪು ದೀಪದಿಂದಲೋ ಎಂದು ಬರೆಯಿರಿ. ಆ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಯಾರಾದರೂ ಕಿಸಕ್ಕನೆ ನಕ್ಕಿದ್ದರೆ ಅದನ್ನೂ ಬರೆಯಿರಿ.