ವೀಸಾದ ಮೊದಲ ಅರ್ಜಿ ಶಾಲೆಯ ದಾಖಲಾತಿ ಪುಸ್ತಕ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)

 

ವಿದೇಶಕ್ಕೆ ಹೋಗಲು ಬೇಕಾದ ಕಾಗದಪತ್ರಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನಗೆ ಸೂಚಿಸಿದ್ದಾರೆ. ಇದು ಟ್ರಾವೆಲ್ಸ್‌ನವರು ಹೇಳಬೇಕಾದ ವಿಷಯ, ಕನ್ನಡ ಮತ್ತು ಉರ್ದು ಪಾಠ ಮಾಡುವವರಿಗೆ ಇದರಲ್ಲಿ ಏನು ಕೆಲಸ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಗಲ್ಫ್‌ಗೆ ಹೊರಟ ಹುಡುಗ ಎಲ್ಲಿ ಎಡವುತ್ತಾನೆ ಎಂದು ಹಿಂದಕ್ಕೆ ಹುಡುಕುತ್ತಾ ಬಂದರೆ, ಹತ್ತರಲ್ಲಿ ಏಳೆಂಟು ಸಲ ಅದು ಶಾಲೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಒಂದನೇ ತರಗತಿಗೆ ಸೇರಿಸಿದ ದಿನ ಬರೆಸಿದ ಹೆಸರು, ಅಂದಾಜಿನಲ್ಲಿ ಬರೆಸಿದ ಹುಟ್ಟಿದ ತಾರೀಖು, ಒಂಬತ್ತನೇ ತರಗತಿಗೆ ನಿಲ್ಲಿಸಿದ ಓದು, ಈ ಮೂರರಲ್ಲಿ ಒಂದಲ್ಲ ಒಂದು ಕಾರಣವಿರುತ್ತದೆ. ಆದ್ದರಿಂದ ಈ ವಿಷಯ ನಮ್ಮದೇ.

ನಮ್ಮ ಸೀಮೆಗೆ ಹೊರದೇಶ ಹೊಸದಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರ ಕೋಠಿ ಇತ್ತು. ಸುಲ್ತಾನರ ರಾಯಭಾರಿಗಳು ಇಸ್ತಾಂಬುಲ್‌ಗೆ ಹೋದರು. 1788ರಲ್ಲಿ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ದೊರೆ ಹದಿನಾರನೇ ಲೂಯಿಯನ್ನು ಕಂಡರು. ಅತ್ತ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು, ಅದೇ ಇಂದಿನ ಪಾಂಡವಪುರ. ಆ ರಾಯಭಾರಿಗಳು ಕೊಂಡೊಯ್ದದ್ದು ಅರಸನ ಮೊಹರಿದ್ದ ಪತ್ರ. ಇಂದು ಅದೇ ಮಸ್ಕತ್‌ಗೆ ಡ್ರೈವರ್ ಕೆಲಸಕ್ಕೋ ಎಲೆಕ್ಟ್ರಿಷಿಯನ್ ಕೆಲಸಕ್ಕೋ ಹೊರಟವನ ಕೈಯಲ್ಲೂ ಸರ್ಕಾರದ ಮೊಹರಿರುವ ಪತ್ರ ಬೇಕು. ಅದರ ಹೆಸರು ಪಾಸ್‌ಪೋರ್ಟ್.

ಪಾಸ್‌ಪೋರ್ಟ್ ಬೇರೆ, ವೀಸಾ ಬೇರೆ. ಇದನ್ನು ಮಕ್ಕಳು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಪಾಸ್‌ಪೋರ್ಟ್ ಕೊಡುವುದು ನಮ್ಮ ಸರ್ಕಾರ. ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿಯೇ ಅಡಗಿದೆ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. ಹಾಗಾಗಿ ಯಾವ ಅಧಿಕಾರಿಯೂ ಸುಮ್ಮನೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ, ಕಾನೂನಿನಲ್ಲಿರುವ ಕಾರಣ ಬೇಕು. ವೀಸಾ ಹಾಗಲ್ಲ. ಅದು ಇನ್ನೊಬ್ಬರ ಮನೆಯ ಬಾಗಿಲು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ವೀಸಾ ಇದ್ದರೂ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕೂತಿರುವ ಅಧಿಕಾರಿ ಒಳಗೆ ಬಿಡಬೇಕು. ಅವನ ಮುಂದೆ ನಮ್ಮ ಪರವಾಗಿ ಮಾತನಾಡಲು ಅಪ್ಪ ಇರುವುದಿಲ್ಲ, ಏಜೆಂಟನೂ ಇರುವುದಿಲ್ಲ. ಮಾತನಾಡುವುದು ಕಾಗದ ಮಾತ್ರ.

ಆ ಕಾಗದದಲ್ಲಿ ಮೊದಲು ಕಾಣುವುದು ಹೆಸರು. ಇಲ್ಲಿ ಭಾಷಾ ಶಿಕ್ಷಕರಾದ ನಮಗೆ ಹೇಳಲು ಬಹಳ ಇದೆ. ನಮ್ಮ ಮಕ್ಕಳ ಹೆಸರುಗಳು ಮೂರು ಲಿಪಿಗಳನ್ನು ದಾಟಿ ಬರುತ್ತವೆ. ಮನೆಯಲ್ಲಿ ಉರ್ದು, ದಾಖಲಾತಿ ಪುಸ್ತಕದಲ್ಲಿ ಕನ್ನಡ, ಅಂಕಪಟ್ಟಿಯಲ್ಲಿ ಇಂಗ್ಲಿಷ್. ಉರ್ದುವಿನ ‘ಝಾಲ್’, ‘ಝೇ’, ‘ಝ್ವಾದ್’, ‘ಝೋಯ್’ ಎಲ್ಲವೂ ಕನ್ನಡಕ್ಕೆ ಬಂದಾಗ ಸಾಮಾನ್ಯವಾಗಿ ಒಂದೇ ‘ಜ’ ಆಗುತ್ತವೆ. ಆದ್ದರಿಂದ ಜಾಕಿರ್ ಎಂಬ ಹುಡುಗನ ಹೆಸರು ಇಂಗ್ಲಿಷಿನಲ್ಲಿ ಒಂದು ಕಡೆ ‘ಝಡ್’ನಿಂದ, ಇನ್ನೊಂದು ಕಡೆ ‘ಜೆ’ಯಿಂದ ಶುರುವಾಗುತ್ತದೆ. ‘ಕಾಫ್’ ಮತ್ತು ‘ಖಾಫ್’ ನಡುವೆ ಸಿಕ್ಕಿದ ಕಾದರ್ ಸಾಹೇಬರು ಆಧಾರ್‌ನಲ್ಲಿ ‘ಕೆ’, ಪಡಿತರ ಚೀಟಿಯಲ್ಲಿ ‘ಕೆಎಚ್’, ಮದುವೆಯ ದಫ್ತರದಲ್ಲಿ ‘ಕ್ಯೂ’ ಆಗಿರುತ್ತಾರೆ. ಫಾತಿಮಾ ಎಂಬ ಮಗು ‘ಎಫ್’ ಬಿಟ್ಟು ‘ಪಿ’ಗೆ ಇಳಿದಿರುವುದೂ ಉಂಟು. ಮೊಹಮ್ಮದ್ ಎಂಬ ಪವಿತ್ರ ಹೆಸರನ್ನು ‘ಎಂಡಿ’ ಎಂದು ಎರಡೇ ಅಕ್ಷರದಲ್ಲಿ ಮುಗಿಸುವವರು ನಮ್ಮಲ್ಲಿ ಎಷ್ಟು ಜನ! ಕೇಳುವ ಕಿವಿಗೆ ಇವೆಲ್ಲ ಒಂದೇ. ಕಂಪ್ಯೂಟರ್‌ಗೆ ಇವರು ಬೇರೆ ಬೇರೆ ಮನುಷ್ಯರು.

ಇದಕ್ಕೆ ಜೊತೆಯಾಗಿ ಇನಿಶಿಯಲ್ ತೊಂದರೆ. ಮೈಸೂರು ಸೀಮೆಯವರಾದ ನಾವು ಹೆಸರಿನ ಮುಂದೋ ಹಿಂದೋ ಒಂದಕ್ಷರ ಹಾಕಿ ಬಿಡುತ್ತೇವೆ. ಇಮ್ರಾನ್ ಪಾಷ ಎಸ್. ಎಂದರೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮಾತ್ರ ಇನಿಶಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಆ ‘ಎಸ್’ ಸೈಯದ್ ಆಗಿದ್ದರೆ ಸೈಯದ್ ಎಂದೇ ದಾಖಲೆಗಳಲ್ಲಿ ಇರಬೇಕು. ಇನ್ನು ಕೆಲವರಿಗೆ ಒಂದೇ ಹೆಸರು, ಹಿಂದೆ ಮುಂದೆ ಏನೂ ಇಲ್ಲ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನದವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಪ್ರಕಟಿಸಿದರು. ಸ್ವಲ್ಪ ದಿನಕ್ಕೆ, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೂ ಸಾಕು ಎಂದು ಸಡಿಲಿಸಿದರು. ಮಗನಿಗೆ ಬರೀ ‘ಬಾಬು’ ಎಂದೋ ‘ಪ್ಯಾರು’ ಎಂದೋ ಬರೆಸಿದ ಮನೆಗಳು ಆ ವಾರ ಎಷ್ಟು ತಳಮಳಿಸಿರಬೇಕು, ಯೋಚಿಸಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಶಾಲೆಯಲ್ಲಿ ಬಾನು, ಮದುವೆಯಾದ ಮೇಲೆ ಬೇಗಂ, ಮತದಾರರ ಪಟ್ಟಿಯಲ್ಲಿ ಬೀ. ಗಂಡನ ಬಳಿಗೆ ಹೋಗಲು ಕುಟುಂಬ ವೀಸಾಕ್ಕೆ ನಿಕಾಹ್‌ನಾಮೆ ತೋರಿಸುವಾಗ ಈ ಮೂವರೂ ಒಬ್ಬರೇ ಎಂದು ಸಾಬೀತು ಮಾಡುವುದು ಆಕೆಯ ಕರ್ಮವಾಗುತ್ತದೆ.

ಎರಡನೆಯದು ಹುಟ್ಟಿದ ತಾರೀಖು. ನಮ್ಮ ಶಾಲೆಗಳ ಹಳೆಯ ದಾಖಲಾತಿ ಪುಸ್ತಕ ತೆರೆದರೆ ಊರಿಗೆ ಊರೇ ಜೂನ್ 1ರಂದು ಹುಟ್ಟಿದೆ! ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಹೊಂದಿಸಲು ಮೇಷ್ಟ್ರುಗಳು ಬರೆದ ತಾರೀಖು ಅದು. ನಗಬಹುದು, ಆದರೆ ಪುರಸಭೆಯ ಜನನ ಪ್ರಮಾಣಪತ್ರದಲ್ಲಿ ಬೇರೆ ತಾರೀಖಿದ್ದರೆ ನಗು ನಿಲ್ಲುತ್ತದೆ. 2025ರಲ್ಲಿ ಪಾಸ್‌ಪೋರ್ಟ್ ನಿಯಮಗಳಿಗೆ ತಿದ್ದುಪಡಿಯಾಗಿ, 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಒಂದೇ ಆಧಾರ ಎಂದಾಗಿದೆ. ಅದಕ್ಕೆ ಮೊದಲು ಹುಟ್ಟಿದವರಿಗೆ ವರ್ಗಾವಣೆ ಪತ್ರ, ಹತ್ತನೇ ತರಗತಿಯ ಪ್ರಮಾಣಪತ್ರ ಮುಂತಾದವೂ ನಡೆಯುತ್ತವೆ. ಮಡಿಲಲ್ಲಿ ಮಗು ಇಟ್ಟುಕೊಂಡು ಕೂತಿರುವ ತಾಯಂದಿರು ಇದನ್ನು ಗಮನಿಸಿ. ಆಸ್ಪತ್ರೆಯಿಂದ ಬಂದ ತಿಂಗಳಲ್ಲೇ ಜನನ ಪ್ರಮಾಣಪತ್ರ ತೆಗೆಸಿ, ಹೆಸರು ಸೇರಿಸಿ, ಅದನ್ನೇ ನೋಡಿ ಶಾಲೆಯಲ್ಲಿ ಬರೆಸಿ.

ಈಗ ಬಹುಮುಖ್ಯ ಮಾತಿಗೆ ಬರುತ್ತೇನೆ. ಮೇಷನ್ ಕೆಲಸ, ಪೇಂಟಿಂಗ್, ಗ್ಯಾರೇಜು ಕಲಿತರೆ ಸಾಕು, ಗಲ್ಫ್‌ಗೆ ಹತ್ತನೇ ಕ್ಲಾಸ್ ಯಾಕೆ ಎಂದು ಕೇಳುವ ಹುಡುಗರು ಇಲ್ಲಿ ಕೂತಿದ್ದೀರಿ. ನಿಮ್ಮ ಹಸ್ತಕೌಶಲಕ್ಕೆ ನನ್ನ ಗೌರವವಿದೆ. ಆದರೆ 1983ರ ವಲಸೆ ಕಾಯಿದೆ ನಿಮ್ಮನ್ನು ಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ. ಹತ್ತನೇ ತರಗತಿ ಪಾಸಾಗದ ವಯಸ್ಕರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇ.ಸಿ.ಆರ್.’ ಎಂದು ಮುದ್ರಿಸುತ್ತಾರೆ. ವಲಸೆ ತಪಾಸಣೆ ಆಗಬೇಕು ಎಂದು ಅದರ ಅರ್ಥ. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ಇಂಥವರು ಕೆಲಸಕ್ಕೆ ಹೊರಟರೆ ವೀಸಾ ಇದ್ದರೂ ಸಾಲದು, ವಲಸೆಗಾರರ ರಕ್ಷಣಾಧಿಕಾರಿಯ ಅನುಮತಿ ಬೇಕು. ಅದಿಲ್ಲದೆ ಬಂದವನನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ವಾಪಸು ಕಳಿಸಬಹುದು. ಹತ್ತನೇ ತರಗತಿ ಪಾಸಾದವನಿಗೆ ಈ ತಪಾಸಣೆ ಇಲ್ಲ. ಮೊದಲೇ ಇ.ಸಿ.ಆರ್. ಪಾಸ್‌ಪೋರ್ಟ್ ಮಾಡಿಸಿಕೊಂಡವರು ಈಗ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಿ ಪಾಸಾದರೂ ಸರಿ, ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಅದನ್ನು ತೆಗೆಸಿಕೊಳ್ಳಬಹುದು. ಒಂದು ಗಣಿತ ಪೇಪರ್ ಉಳಿಸಿಕೊಂಡು ಓದು ಬಿಟ್ಟವರೇ, ಆ ಒಂದು ಪೇಪರಿನ ಬೆಲೆ ಎಷ್ಟೆಂದು ಈಗ ಲೆಕ್ಕ ಹಾಕಿ.

ಆದರೆ ಇ.ಸಿ.ಆರ್. ಎಂದರೆ ಶಿಕ್ಷೆಯೆಂದು ತಿಳಿಯಬೇಡಿ. ಓದು ಬರಹ ಕಡಿಮೆ ಇರುವವರು ಮೋಸ ಹೋಗದಿರಲಿ ಎಂದು ಮಾಡಿದ ಬೇಲಿ ಅದು. ಅನುಮತಿ ಪಡೆಯುವಾಗ ಕೆಲಸದ ಕರಾರು, ಸಂಬಳ, ಮಾಲೀಕರ ವಿವರ ಎಲ್ಲ ಸರ್ಕಾರದ ‘ಇ-ಮೈಗ್ರೇಟ್’ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿ ವಿಮೆ ಸಿಗುತ್ತದೆ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ಒಂದು ಬಿರಿಯಾನಿ ದಾವತ್ತಿನ ಖರ್ಚೂ ಅಲ್ಲ. ಇ.ಸಿ.ಆರ್. ಪಾಸ್‌ಪೋರ್ಟಿನ ಮಹಿಳೆಯರು 30 ವರ್ಷ ತುಂಬದೆ ಈ ದೇಶಗಳಿಗೆ ಮನೆಗೆಲಸಕ್ಕೆ ಹೋಗುವಂತಿಲ್ಲ. ಈ ಬೇಲಿ ಹಾರಿಸಲು ಏಜೆಂಟರು ಹಿಡಿಯುವ ದಾರಿ ಒಂದೇ, ಭೇಟಿ ವೀಸಾ. ‘ಮೊದಲು ವಿಸಿಟ್‌ನಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ’ ಎಂದು ಯಾರಾದರೂ ನಿಮ್ಮ ಅಕ್ಕನಿಗೋ ಚಿಕ್ಕಮ್ಮನಿಗೋ ಹೇಳಿದರೆ, ಆ ಮನುಷ್ಯನಿಗೆ ಚಹಾ ಕೊಟ್ಟು ಕಳಿಸಿ, ಪಾಸ್‌ಪೋರ್ಟ್ ಕೊಡಬೇಡಿ. ಭೇಟಿ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ಸಂಬಳ ಕೊಡದಿದ್ದರೂ ದೂರು ಕೊಡಲು ಆಕೆಯ ಕೈಯಲ್ಲಿ ಕರಾರೇ ಇರುವುದಿಲ್ಲ.

ಇನ್ನೊಂದು ಮಾತು ನಮ್ಮ ಮೊಹಲ್ಲಾಗಳಲ್ಲಿ ಬಹಳ ಓಡಾಡುತ್ತದೆ, ‘ಆಜಾದ್ ವೀಸಾ’. ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದಾದ ಸ್ವತಂತ್ರ ವೀಸಾ ಎಂದು ಲಕ್ಷಗಟ್ಟಲೆ ಕೇಳುತ್ತಾರೆ. ಹೆಸರು ಚೆಂದ. ವೀಸಾದ ಮೇಲೆ ಮಾತ್ರ ಒಬ್ಬ ಪ್ರಾಯೋಜಕನ ಹೆಸರೇ ಇರುತ್ತದೆ, ಅವನನ್ನು ಬಿಟ್ಟು ಬೇರೆ ಕಡೆ ದುಡಿಯುವಾಗ ಸಿಕ್ಕಿಬಿದ್ದರೆ ದಂಡ, ಜೈಲು, ಗಡೀಪಾರು. ನೋಂದಾಯಿತ ಏಜೆಂಟ್ ತನ್ನ ಸೇವೆಗೆ ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ಸರ್ಕಾರ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂದು ಮಿತಿ ಹಾಕಿದೆ. ಏಜೆಂಟರ ಪಟ್ಟಿ ಇ-ಮೈಗ್ರೇಟ್‌ನಲ್ಲಿ ಇದೆ, ಮೊಬೈಲಿನಲ್ಲೇ ನೋಡಬಹುದು. ಜಮೀನು ಅಡವಿಟ್ಟು, ತಾಯಿಯ ಒಡವೆ ಮಾರಿ ಹಣ ಕೊಡುವ ಮೊದಲು ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಲು ಐದು ನಿಮಿಷ ಸಾಕು. ಓದಿದ ಮಗಳು ಮನೆಯಲ್ಲಿದ್ದರೆ ಅವಳ ಕೈಗೆ ಕೊಡಿ, ಅವಳೇ ನೋಡಿ ಹೇಳುತ್ತಾಳೆ.

ಗಲ್ಫ್ ದೇಶಗಳ ಕೆಲಸದ ವೀಸಾಕ್ಕೆ ವೈದ್ಯಕೀಯ ಪರೀಕ್ಷೆಯೂ ಇದೆ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೂ ತೊಂದರೆಯಾಗುತ್ತದೆ. ಆದ್ದರಿಂದ ಹಣ ಕಟ್ಟುವುದಕ್ಕೆ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಬಹಳಷ್ಟು ದೇಶಗಳು ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವುದು ಈಗ ಕಷ್ಟವೂ ಅಲ್ಲ. ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ನಮ್ಮ ಪಕ್ಕದ ಮೈಸೂರಿನಲ್ಲೇ ಆರಂಭವಾಯಿತು. 36 ಪುಟಗಳ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ಹತ್ತು ವರ್ಷ ಬಾಳುತ್ತದೆ.

ಹಿರಿಯರಿಗೆ ಹಜ್ ಮತ್ತು ಉಮ್ರಾ ವಿಷಯ ಹೇಳದಿದ್ದರೆ ತಪ್ಪಾದೀತು. ಹಿಂದೆ ಹಜ್ ಸಮಿತಿಯ ಮೂಲಕ ಹೋಗುವವರಿಗೆ ಯಾತ್ರಾ ಪಾಸ್ ಸಾಕಿತ್ತು. 2009ರಿಂದ ಎಲ್ಲ ಹಾಜಿಗಳಿಗೂ ಅಂತರರಾಷ್ಟ್ರೀಯ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಜನನ ದಾಖಲೆಯೇ ಇಲ್ಲದ ನಮ್ಮ ನಾನಿ, ದಾದಿಯರು ಎಪ್ಪತ್ತರ ವಯಸ್ಸಿನಲ್ಲಿ ಹೆಸರು, ತಾರೀಖು ಹುಡುಕಬೇಕಾಗಿ ಬಂತು. ಮೆದುಳುಪೊರೆ ಜ್ವರದ ಲಸಿಕೆಯ ಪ್ರಮಾಣಪತ್ರವೂ ಬೇಕು. ಉಮ್ರಾ ವೀಸಾ ಇಬಾದತ್ತಿಗೆ ಕೊಟ್ಟದ್ದು. ಅದರ ಮೇಲೆ ಹೋಗಿ ಕೆಲಸಕ್ಕೆ ಉಳಿದುಕೊಳ್ಳುವುದು ಕಾನೂನಿಗೂ ತಪ್ಪು, ನೀಯತ್ತಿಗೂ ತಪ್ಪು.

ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಮಾತು. ವೈದ್ಯಕೀಯ ಓದಲು ಹೊರದೇಶಕ್ಕೆ ಹೋಗುವವರಿಗೂ ನೀಟ್ ಅರ್ಹತೆ 2018ರಿಂದ ಕಡ್ಡಾಯ. 2021ರ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಬೋಧನೆ ಇಂಗ್ಲಿಷಿನಲ್ಲಿ ಇರಬೇಕು. ವೀಸಾ ಸಿಕ್ಕಿತೆಂದ ಮಾತ್ರಕ್ಕೆ ಆ ಪದವಿ ಇಲ್ಲಿ ನಡೆಯುತ್ತದೆ ಎಂದು ತಿಳಿಯಬೇಡಿ. ಇನ್ನು ನರ್ಸಿಂಗ್, ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಹೋಗುವವರ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಇಲಾಖೆಯ ದೃಢೀಕರಣ ಬೇಕು. ಒಮಾನ್, ಬಹ್ರೇನ್‌ಗೆ, 2022ರ ಡಿಸೆಂಬರಿನಿಂದ ಸೌದಿಗೂ, ‘ಅಪೊಸ್ಟಿಲ್’ ಎಂಬ ಮುದ್ರೆ ನಡೆಯುತ್ತದೆ. ದುಬೈ, ಕುವೈತ್, ಕತಾರ್‌ಗೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಅಲ್ಲಿಯೂ ಮೊದಲು ನೋಡುವುದು ಅಂಕಪಟ್ಟಿಯ ಹೆಸರು ಪಾಸ್‌ಪೋರ್ಟಿಗೆ ಹೊಂದುತ್ತದೆಯೇ ಎಂದು.

ಆದ್ದರಿಂದ ಈ ವರ್ಷ ಹತ್ತನೇ ತರಗತಿಯಲ್ಲಿರುವ ಮಕ್ಕಳ ತಂದೆ ತಾಯಿಯರಲ್ಲಿ ಒಂದು ಬಿನ್ನಹ. ಪರೀಕ್ಷೆಗೆ ಮೊದಲು ಮಂಡಳಿಗೆ ಕಳಿಸುವ ನಾಮಿನಲ್ ರೋಲ್ ಪಟ್ಟಿಯನ್ನು ಶಾಲೆಯಲ್ಲಿ ತೋರಿಸಿ ಮಕ್ಕಳಿಂದ ಸಹಿ ಮಾಡಿಸಿಕೊಳ್ಳುತ್ತಾರೆ. ಮಕ್ಕಳು ಓದದೆ ಸಹಿ ಹಾಕಿ ಆಟಕ್ಕೆ ಓಡುತ್ತಾರೆ. ಆ ದಿನ ನಿಮ್ಮಲ್ಲಿ ಒಬ್ಬರು ಕೂಲಿ ಬಿಟ್ಟಾದರೂ ಶಾಲೆಗೆ ಬನ್ನಿ. ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ತನ್ನಿ. ಮಗುವಿನ ಹೆಸರು, ನಿಮ್ಮಿಬ್ಬರ ಹೆಸರು, ಹುಟ್ಟಿದ ತಾರೀಖು ಒಂದೊಂದು ಅಕ್ಷರವಾಗಿ ಹೊಂದಿಸಿ ನೋಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಸಂಕೋಚ ಬೇಡ, ಮುಖ್ಯೋಪಾಧ್ಯಾಯರನ್ನೋ ನಮ್ಮಂಥ ಶಿಕ್ಷಕರನ್ನೋ ಕೇಳಿ, ಗಟ್ಟಿಯಾಗಿ ಓದಿ ಹೇಳುತ್ತೇವೆ. ಅಂದು ತಿದ್ದಲು ಒಂದು ಪೆನ್ನು ಸಾಕು. ಅಂಕಪಟ್ಟಿ ಅಚ್ಚಾದ ಮೇಲೆ ಅದೇ ಅಕ್ಷರಕ್ಕೆ ಅರ್ಜಿ, ಪ್ರಮಾಣಪತ್ರ, ಬೆಂಗಳೂರಿನ ಮಂಡಳಿ ಎಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

 ಪ್ರಶ್ನೆಗಳಿದ್ದರೆ ಈಗ ಕೇಳಬಹುದು.