ನಾನು ಕೇಳಿದ ನಾಲ್ಕು ಕ್ಯಾಸೆಟ್ಟುಗಳು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನನಗೆ ಹಾಡಲು ಬರುವುದಿಲ್ಲ. ಹಾಡುವ ಪೆಟ್ಟಿಗೆಗಳನ್ನು ರಿಪೇರಿ ಮಾಡಿ ಬದುಕು ಕಟ್ಟಿಕೊಂಡವನು ನಾನು. ‘ನಿಮ್ಮ ಕಾಲದ ಹಾಡುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ’ ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ ನನಗೆ ನಾಲ್ಕು ಇಸವಿಗಳು ನೆನಪಾದವು.

ಮೊದಲನೆಯದು 1978. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದ ವರ್ಷ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ನಮ್ಮ ಶಾಲೆಗೆ ಅದು ಬಂದದ್ದು ಮರುವರ್ಷದ ರಾಜ್ಯೋತ್ಸವಕ್ಕೆ. ಕನ್ನಡ ಮೇಷ್ಟ್ರು ಯಾರದೋ ಮನೆಯಿಂದ ಟೇಪ್ ರೆಕಾರ್ಡರ್ ಎರವಲು ತಂದು ಮೇಜಿನ ಮೇಲಿಟ್ಟರು. ಕಾಣದ ಮನುಷ್ಯ ಪೆಟ್ಟಿಗೆಯೊಳಗಿಂದ ನಮ್ಮ ಜೋಗದ ಬೆಳಕನ್ನು ಹಾಡಿ ಹೊಗಳುವುದನ್ನು ಕೇಳಿ ನಮಗೆಲ್ಲ ರೋಮಾಂಚನ. ಹಾಡು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ನಮ್ಮ ಮನೇಲಿ ಇನ್ನೂ ಚಿಮಣಿ ಬುಡ್ಡಿ” ಎಂದ. ಯಾರೂ ನಗಲಿಲ್ಲ. ತರಗತಿಯಲ್ಲಿ ಅರ್ಧದಷ್ಟು ಜನ ಲಿಂಗನಮಕ್ಕಿ ನೀರು ಏರಿದಾಗ ಊರು ಬಿಟ್ಟು ಬಂದವರ ಮಕ್ಕಳು. ನಾನೂ ಅವರಲ್ಲೊಬ್ಬ.

ಆ ರಾತ್ರಿ ಅಪ್ಪನಿಗೆ ಇದನ್ನು ಹೇಳಿದೆ. ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಎಲೆಗೆ ಸುಣ್ಣ ಸವರುತ್ತಾ, “ನಮ್ಮ ಗದ್ದೆ ಮುಳುಗಿದ್ದಕ್ಕೇ ಅಲ್ವೇನೋ ಅಷ್ಟು ಬೆಳಕು ಬಂದಿದ್ದು? ಆ ಹಾಡಲ್ಲಿ ನಮ್ಮ ಗದ್ದೆನೂ ಉಂಟು ಅಂತ ತಿಳ್ಕೋ” ಅಂದರು. ಕವಿತೆಗೆ ಅಷ್ಟು ಒಳ್ಳೆಯ ವ್ಯಾಖ್ಯಾನವನ್ನು ನಾನು ಮತ್ತೆ ಕೇಳಿಲ್ಲ. ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ. ಆ ಪೆಟ್ಟಿಗೆಯ ಒಳಗೆ ಏನಿದೆ ನೋಡಬೇಕೆಂಬ ಆಸೆ ಮಾತ್ರ ಅಂದೇ ಹತ್ತಿತ್ತು.

ಎರಡನೆಯದು 1987, ‘ಪ್ರೇಮಲೋಕ’. ಅಷ್ಟು ಹೊತ್ತಿಗೆ ನಾನು ಬಸ್‌ಸ್ಟ್ಯಾಂಡ್ ಎದುರು ಪುಟ್ಟ ಅಂಗಡಿ ಇಟ್ಟಿದ್ದೆ. ಹಂಸಲೇಖ ಸಾಹಿತ್ಯ ಬರೆದು ಸಂಗೀತವನ್ನೂ ಕೊಟ್ಟಿದ್ದರು. ಮಾತನ್ನೇ ಹಾಡು ಮಾಡಿದ್ದರು. ಹೋಟೆಲು, ಬಸ್ಸು, ಮದುವೆ ಮನೆ ಎಲ್ಲ ಕಡೆ ಅದೇ. ಅರುವತ್ತು ನಿಮಿಷದ ಕ್ಯಾಸೆಟ್ಟಿನೊಳಗೆ ಸುಮಾರು 90 ಮೀಟರ್ ಟೇಪು ಇರುತ್ತದೆ. ದಿನಕ್ಕೆ ಹತ್ತು ಸಲ ತಿರುಗಿದರೆ ಬೆಲ್ಟ್ ಸಡಿಲವಾಗುತ್ತದೆ, ಹೆಡ್ಡಿಗೆ ಕಂದು ಪುಡಿ ಕೂರುತ್ತದೆ, ರೋಲರ್ ಟೇಪನ್ನು ನುಂಗುತ್ತದೆ. ಊರಿಗೆಲ್ಲ ಪ್ರೇಮದ ಹುಚ್ಚು, ನನಗೆ ಕೈತುಂಬ ಕೆಲಸ. ಆ ವರ್ಷ ತಂಗಿಯ ಮದುವೆಗೆ ನಾವು ಸಾಲ ಮಾಡಲಿಲ್ಲ. ಆ ಹಾಡುಗಳು ಎಲ್ಲಾದರೂ ಕೇಳಿದರೆ ಇಂದಿಗೂ ನನಗೆ ನೆನಪಾಗುವುದು ತಂಗಿಯ ಧಾರೆ ಸೀರೆ.

ಮೂರನೆಯದು 1990, ‘ಸಂತ ಶಿಶುನಾಳ ಶರೀಫ’. ನಾಗಾಭರಣರ ಚಿತ್ರ, ಸಿ. ಅಶ್ವಥ್ ಸಂಗೀತ. ಶರೀಫರು 1819ರಲ್ಲಿ ಹುಟ್ಟಿದವರು, ಕೆಲಕಾಲ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು, ಗೋವಿಂದಭಟ್ಟರ ಶಿಷ್ಯರು. ಸೋರುವ ಮನೆ, ಕೋಳಿ, ಮಗ್ಗ, ಹೀಗೆ ಕಣ್ಣೆದುರು ಇರುವುದನ್ನೇ ಹಿಡಿದು ದೊಡ್ಡ ಮಾತು ಹೇಳಿದವರು. ಆಗ ಅಪ್ಪ ಹಾಸಿಗೆ ಹಿಡಿದಿದ್ದರು. ಸಂಜೆ ಅಂಗಡಿ ಮುಚ್ಚಿ ಬಂದು ಕ್ಯಾಸೆಟ್ ಹಾಕಿ ಪಕ್ಕದಲ್ಲಿ ಕೂರುತ್ತಿದ್ದೆ. ಹಾಡಿನಲ್ಲಿ ಮನೆ ಸೋರುವಾಗ ನಮ್ಮ ಮನೆಯೂ ಸೋರುತ್ತಿತ್ತು. ಅಮ್ಮ ಒಂದೊಂದಾಗಿ ಪಾತ್ರೆ ತಂದಿಟ್ಟರೆ ಅಪ್ಪ, “ತಾಳಕ್ಕೆ ಸರಿಯಾಗಿ ತೊಟ್ಟಿಕ್ತಾ ಇದೆ ನೋಡು” ಎಂದು ನಗುತ್ತಿದ್ದರು. ಮುಂದಿನ ಮಳೆಗಾಲ ಅವರಿರಲಿಲ್ಲ. ಒಂದು ಕ್ಯಾಸೆಟ್ಟಿನ ಖಾಲಿ ಬದಿಯಲ್ಲಿ ಅವರ ಆ ನಗು, ಎರಡು ಮಾತು, ಒಂದು ಕೆಮ್ಮು ಉಳಿದಿವೆ. ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಅದರ ಬೆನ್ನಿನ ಪ್ಲಾಸ್ಟಿಕ್ ಹಲ್ಲು ಮುರಿದು ಇಟ್ಟಿದ್ದೇನೆ.

ನಾಲ್ಕನೆಯದು 2006ರ ಕೊನೆಯ ವಾರ ತೆರೆಕಂಡ ‘ಮುಂಗಾರು ಮಳೆ’. ಮನೋಮೂರ್ತಿ ಸಂಗೀತ. ಇದನ್ನು ಕ್ಯಾಸೆಟ್ ಎನ್ನುವುದು ನನ್ನ ಅಭ್ಯಾಸಬಲ, ಮಗಳು ತಂದದ್ದು ಸಿ.ಡಿ. ಪರದೆಯ ಮೇಲೆ ಅದೇ ಜೋಗ ಧುಮುಕುತ್ತಿತ್ತು. ಅವಳಿಗೆ ಅದು ಪ್ರೀತಿಯ ಜಾಗ, ಅವಳ ಅಜ್ಜನಿಗೆ ಮುಳುಗಿದ ಗದ್ದೆಯ ಜಾಗ. ಎರಡೂ ನಿಜ. ನಮ್ಮ ಊರು ಬಿಟ್ಟ ಕಥೆಯನ್ನು ಅವಳು ಪೂರ್ತಿ ಕೇಳಿದ್ದು ಆ ರಾತ್ರಿಯೇ. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ.

ವಿದ್ಯಾರ್ಥಿಗಳೇ, ಸಿನಿಮಾ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ನಿಮ್ಮ ಅಜ್ಜಿ ಹಾಡಿದ ಸೋಬಾನೆ, ಅಜ್ಜನ ತಾಳಮದ್ದಳೆಯ ಅರ್ಥ, ಊರಿಗೆ ಬಾರದ ಚಿಕ್ಕಪ್ಪ ಕಳಿಸಿದ ಮಾತು ಅಟ್ಟದ ಮೇಲಿನ ಕ್ಯಾಸೆಟ್ಟಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ತೇವಕ್ಕೆ ಟೇಪು ಬೂಸ್ಟು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆ ಅದಕ್ಕೆ ವೈರಿ. ಹಾಗಾಗಿ ಈ ಸುವರ್ಣ ಮಹೋತ್ಸವದ ನೆನಪಿಗೆ ಸುಸ್ಥಿತಿಯಲ್ಲಿರುವ ಒಂದು ಟೇಪ್ ಡೆಕ್ಕನ್ನು ಶಾಲೆಗೆ ಕೊಡುತ್ತಿದ್ದೇನೆ. ಶನಿವಾರ ಮಧ್ಯಾಹ್ನ ನಾನೂ ಬರುತ್ತೇನೆ. ನಿಮ್ಮ ಮನೆಯ ಕ್ಯಾಸೆಟ್ ತನ್ನಿ. ಹರಿದಿದ್ದರೆ ಅಂಟಿಸೋಣ, ಸಿಕ್ಕಾಗಿದ್ದರೆ ಬಿಡಿಸೋಣ, ಕಂಪ್ಯೂಟರಿಗೆ ಇಳಿಸೋಣ. ಪೆನ್ಸಿಲ್ ಒಂದು ಜೊತೆಗಿರಲಿ, ಯಾಕೆಂದು ಬಂದ ಮೇಲೆ ಹೇಳುತ್ತೇನೆ.