ಕಿರುತೆರೆಯಿಂದ ಹಿರಿತೆರೆಗೆ
(ಚಾಂದ್‌ಖೇಡಾದ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೇಂದ್ರ ಸರಕಾರದ ಅಧಿಕಾರಿಯೊಬ್ಬ ರಾಜ್ಯೋತ್ಸವದ ತಿಂಗಳಲ್ಲಿ ಅಂತರಿಕ್ಷ ನೌಕೆಯ ಸಿನಿಮಾ ಕುರಿತು ಮಾತನಾಡುವುದು ತಮಗೆ ವಿಚಿತ್ರವೆನಿಸಬಹುದು. ಇದಕ್ಕೆ ಕಾರಣ ನನ್ನ ಮಗಳು. ಬೇಸಿಗೆ ರಜೆಯಲ್ಲಿ ೧೯೭೯ರ ‘ಸ್ಟಾರ್ ಟ್ರೆಕ್’ ಚಲನಚಿತ್ರವನ್ನು ಬಹು ಉತ್ಸಾಹದಿಂದ ಅವಳಿಗೆ ತೋರಿಸಿದೆ. ಅರ್ಧ ಗಂಟೆಯಲ್ಲಿ ಅವಳಿಗೆ ನಿದ್ದೆ ಹತ್ತಿತು. ಸತ್ಯ ಹೇಳಬೇಕೆಂದರೆ ನಾನೂ ತೂಕಡಿಸಿದೆ.

೧೯೭೫-೭೬ರಲ್ಲಿ ಇದೇ ಅಹಮದಾಬಾದಿನ ವಿಜ್ಞಾನಿಗಳು ದುಡಿದ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ನಮ್ಮ ಕಲಬುರಗಿ ಜಿಲ್ಲೆಯೂ ಸೇರಿತ್ತು. ಆದರೂ ಎಂಬತ್ತರ ದಶಕದಲ್ಲಿ ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ದೂರದರ್ಶನದಲ್ಲಿ ಈ ಧಾರಾವಾಹಿ ಬರುವಾಗ ಹುಡುಗರೆಲ್ಲ ಅಲ್ಲಿ ಸೇರುತ್ತಿದ್ದೆವು. ಇಂಗ್ಲಿಷು ಅರ್ಧವೂ ತಿಳಿಯುತ್ತಿರಲಿಲ್ಲ. ಆದರೆ ಕಿರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ನೆರೆಮನೆಯವರಷ್ಟು ಪರಿಚಿತರು. ಅಮೆರಿಕದಲ್ಲಿ ೧೯೬೬ರಿಂದ ೧೯೬೯ರವರೆಗೆ ೭೯ ಕಂತುಗಳಲ್ಲಿ ಬಂದ ಅದು ಬಡ ಧಾರಾವಾಹಿ. ವಾರವಾರವೂ ನೌಕೆಯನ್ನು ಹೊಸ ಗ್ರಹದ ಮೇಲೆ ಇಳಿಸಿ ತೋರಿಸಲು ಹಣವಿರಲಿಲ್ಲವೆಂದೇ, ಮನುಷ್ಯರನ್ನು ಕಿರಣಗಳಾಗಿ ಕರಗಿಸಿ ಕೆಳಗಿಳಿಸುವ ಯಂತ್ರವನ್ನು ಕಲ್ಪಿಸಿದರು. ತೋರಿಸಲಾಗದ್ದನ್ನು ಮಾತಿನಿಂದ ತುಂಬಬೇಕಿತ್ತು. ಹೀಗಾಗಿ ಸ್ಪಾಕ್‌ನ ತರ್ಕಕ್ಕೂ ಮೆಕಾಯ್‌ನ ಸಿಡುಕಿಗೂ ನಡೆಯುವ ಜಗಳವೇ ಕಥೆಯ ಜೀವವಾಯಿತು.

ಚಲನಚಿತ್ರಕ್ಕೆ ಸುರಿದದ್ದು ಸುಮಾರು ೪.೪ ಕೋಟಿ ಡಾಲರ್. ನಿರ್ದೇಶಕರು ರಾಬರ್ಟ್ ವೈಸ್‌ರಂಥ ಸಮರ್ಥರು. ಹಣದೊಡನೆ ತೋರಿಸುವ ಚಪಲವೂ ಬಂತು. ಕ್ಯಾಮರಾ ನೌಕೆಯ ಸುತ್ತ ನಿಮಿಷಗಟ್ಟಲೆ ಪ್ರದಕ್ಷಿಣೆ ಹಾಕುತ್ತದೆ. ಜಗಳವಾಡಬೇಕಾದ ಗೆಳೆಯರು ಬೆರಗಿನಿಂದ ನೋಡುತ್ತ ನಿಲ್ಲುತ್ತಾರೆ. ವಿಶೇಷವೆಂದರೆ ಆ ಕಥೆಯನ್ನು ಹೆಣೆದದ್ದು ಹೊಸ ಧಾರಾವಾಹಿಯೊಂದರ ಆರಂಭಕ್ಕಾಗಿ. ಅಲ್ಲಿಯಾಗಿದ್ದರೆ ಕೊರತೆಯನ್ನು ಮುಂದಿನ ವಾರ ತುಂಬಿಕೊಳ್ಳಬಹುದಿತ್ತು. ಚಿತ್ರಕ್ಕೆ ಮುಂದಿನ ವಾರವಿಲ್ಲ. ಅದು ಹಣ ಗಳಿಸಿತು, ಆ ಮಾತು ಬೇರೆ.

ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ. ದಿನವೂ ಕೇಳಿದವನಿಗೆ ಶಾಸ್ತ್ರಿಗಳ ಮೌನವೂ ಅರ್ಥವಾಗುತ್ತದೆ. ಮಂಗಲದ ದಿನ ಮಾತ್ರ ಬಂದವನಿಗೆ ಕಾಣುವುದು ಮೆರವಣಿಗೆ, ಪ್ರಸಾದ. ಧಾರಾವಾಹಿಯಿಂದ ಹುಟ್ಟಿದ ಚಿತ್ರ ಬಹುಪಾಲು ಇಂಥ ಮಂಗಲದ ದಿನವೇ. ಹಳಬನಿಗೆ ಸಾಲದು, ಹೊಸಬನಿಗೆ ತಿಳಿಯದು. ಇಬ್ಬರನ್ನೂ ಓಲೈಸಲು ಭೂಮಂಡಲಕ್ಕೇ ಕುತ್ತು ತಂದಿಡುತ್ತಾರೆ. (ನಮ್ಮ ಸಂಘವೂ ವರ್ಷಕ್ಕೊಮ್ಮೆ ವೇದಿಕೆಗೆ ಮಾಡುವ ಖರ್ಚಿನಲ್ಲಿ ಒಂದು ಪಾಲನ್ನು ಮಕ್ಕಳ ರವಿವಾರದ ಕನ್ನಡ ಪಾಠಕ್ಕೆ ತೆಗೆದಿಟ್ಟಿದ್ದರೆ ಆ ಪಾಠ ನಿಲ್ಲುತ್ತಿರಲಿಲ್ಲ. ಪದಾಧಿಕಾರಿಗಳು ಕ್ಷಮಿಸಬೇಕು.)

೧೯೮೨ರ ಎರಡನೆಯ ಚಿತ್ರದ ವೆಚ್ಚ ಮೊದಲನೆಯದರ ಮೂರರಲ್ಲೊಂದು ಭಾಗಕ್ಕೂ ಕಡಿಮೆ. ನಿರ್ದೇಶಕ ನಿಕೊಲಸ್ ಮೇಯರ್. ೧೯೬೭ರ ಒಂದು ಕಂತಿನಲ್ಲಿ ಕಿರ್ಕ್ ದೂರದ ಗ್ರಹದಲ್ಲಿ ಬಿಟ್ಟುಬಂದಿದ್ದ ಖಾನ್ ಎಂಬುವನು ಇಲ್ಲಿ ಸೇಡಿಗಾಗಿ ಮರಳುತ್ತಾನೆ. ಕಿರ್ಕ್‌ಗೆ ವಯಸ್ಸಾಗಿದೆ, ಓದಲು ಕನ್ನಡಕ ಬೇಕು. ಕೊನೆಗೆ ಗಾಜಿನ ಗೋಡೆಯಾಚೆ ಸ್ಪಾಕ್ ಪ್ರಾಣ ಬಿಡುತ್ತಾನೆ. ಗಾಜಿಗೆ ಒತ್ತಿದ ಎರಡು ಅಂಗೈ, ನಾಲ್ಕು ಮಾತು, ಅಷ್ಟೇ.

ಇದನ್ನೂ ಮಗಳಿಗೆ ತೋರಿಸಿದೆ. ಈ ಸಲ ಅವಳು ನಿದ್ದೆ ಮಾಡಲಿಲ್ಲ. ಆದರೆ ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು, “ಅಪ್ಪಾ, ಇಷ್ಟಕ್ಕೆಲ್ಲ ಯಾಕೆ ಅಳ್ತೀರಿ?” ಎಂದಳು. ನನಗೆ ಹೇಳಲು ತೋಚಲಿಲ್ಲ. ಈಗ ರವಿವಾರಕ್ಕೊಂದರಂತೆ ಹಳೆಯ ಕಂತುಗಳನ್ನು ಮೊದಲಿನಿಂದ ನೋಡುತ್ತಿದ್ದೇವೆ. ಖಾನ್ ಬರುವ ಕಂತು ಇನ್ನೂ ಮುಂದಿದೆ.